ಕೀಲಿ ಹಾಕಿದ ಮನೆಗೆ ಯಾರನ್ನು ಕೇಳಬೇಕು?

ಕಲಬುರಗಿಯಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿ ಎದುರಿನ ಬೇವಿನ ಮರದ ಕೆಳಗೆ 31 ವರ್ಷ ಬಾಂಡ್ ರೈಟರ್ ಆಗಿ ಕೂತವನು ನಾನು. ಈ ಸಲ ಬಂದ ಪತ್ರಗಳಲ್ಲಿ ಹೊಲದ ಜಗಳ ಕಡಿಮೆ, ಖಾಲಿ ಮನೆಗಳ ವಿಚಾರವೇ ಜಾಸ್ತಿ. ಹಾಗಾಗಿ ಉಳಿದವರು ಒಂದು ತಿಂಗಳು ಕಾಯಬೇಕು.

ಪ್ರಶ್ನೆ: ಕಾಕಾ, ನಮಸ್ಕಾರ. ನಾನು ಶಾಲೆಯಲ್ಲಿ ಟೀಚರ್. ಬ್ರಹ್ಮಪುರದಲ್ಲಿ 6 ವರ್ಷದಿಂದ ಬಾಡಿಗೆಗೆ ಇದ್ದೇವೆ. ನಮ್ಮ ಎದುರಿನ ಹಳೆಯ ಮಾಳಿಗೆ ಮನೆ 9 ವರ್ಷದಿಂದ ಕೀಲಿ ಹಾಕಿಯೇ ಇದೆ. ಮಾಲೀಕರು ಪುಣೆಯಲ್ಲಿದ್ದಾರೆ ಅನ್ನುತ್ತಾರೆ. ಕೀಲಿಕೈ ಪಕ್ಕದ ಮನೆಯ ಆಯಿ ಹತ್ತಿರ ಇದೆ. ಒಬ್ಬ ದಲಾಲ ಮಾಲೀಕರ ಫೋನ್ ನಂಬರ್ ಕೊಡುತ್ತೇನೆ, 5 ಸಾವಿರ ಕೊಡಿ ಅನ್ನುತ್ತಿದ್ದಾನೆ. ನಮಗೆ ಆ ಮನೆ ಕೊಳ್ಳುವ ಆಸೆ. ಯಾರನ್ನು ಕೇಳಬೇಕು, ಹೇಗೆ ಕೇಳಬೇಕು?
(ಟೀಚರ್, ಬ್ರಹ್ಮಪುರ, ಕಲಬುರಗಿ)

ಉತ್ತರ: ತಂಗಿ, ಮೊದಲು ಆ 5 ಸಾವಿರ ನಿಮ್ಮ ಹತ್ತಿರವೇ ಇರಲಿ. ದಲಾಲ ಕೊಡುವ ನಂಬರ್ ಮನೆಯಲ್ಲಿ ಯಾರದ್ದು ಅಂತ ನಿಮಗೆ ಗೊತ್ತಾಗುವುದಿಲ್ಲ. ದೊಡ್ಡ ಅಣ್ಣನದ್ದೋ, ಅಣ್ಣನ ಜೊತೆ ಮಾತು ಬಿಟ್ಟ ತಮ್ಮನದ್ದೋ? ಮೊದಲ ಫೋನ್ ತಪ್ಪು ಜಾಗಕ್ಕೆ ಹೋದರೆ ಮನೆ ಸಿಗುವುದು ಕಷ್ಟ. ಇದು ನನ್ನ ಅನುಭವ, ಮುಂದೆ ಹೇಳುತ್ತೇನೆ.

ಮನೆ ಖಾಲಿ ಇದೆ ಅಂದರೆ ಯಾರಿಗೂ ಬೇಡ ಅಂತ ಅರ್ಥ ಅಲ್ಲ. ನಮ್ಮ ಊರಲ್ಲಿ ನಾನು ನೋಡಿದ ಖಾಲಿ ಮನೆಗಳಲ್ಲಿ ಜಾಸ್ತಿ ಪಾಲು ಎಲ್ಲರಿಗೂ ಬೇಕಾಗಿದ್ದ ಮನೆಗಳೇ. ವಾಟ್ನಿ, ಅಂದರೆ ಆಸ್ತಿಯ ಪಾಲು ಆಗಿಲ್ಲ, ಯಾರೂ ಬಿಟ್ಟುಕೊಡುವುದಿಲ್ಲ, ಹಾಗಾಗಿ ಕೀಲಿ. ಮನೆಯ ಬೆಲೆ ಎಷ್ಟು ಅನ್ನುವುದಕ್ಕಿಂತ ಮನೆ ಯಾಕೆ ಖಾಲಿ ಉಳಿಯಿತು ಅನ್ನುವುದನ್ನು ಮೊದಲು ತಿಳಿದುಕೊಳ್ಳಿ.

ಅರ್ಧ ಉತ್ತರ ಬಾಗಿಲಲ್ಲೇ ಇರುತ್ತದೆ. ನಾಳೆ ಶಾಲೆಗೆ ಹೋಗುವಾಗ ಒಂದು ನಿಮಿಷ ನಿಂತು ನೋಡಿ. ಕೀಲಿಗೆ ತುಕ್ಕು ಹಿಡಿದಿದೆಯಾ, ಅಥವಾ ಯಾರಾದರೂ ಎಣ್ಣೆ ಬಿಟ್ಟಿದ್ದಾರಾ? ಹೊಸ್ತಿಲಿಗೆ ವರ್ಷಕ್ಕೊಮ್ಮೆಯಾದರೂ ಅರಿಶಿನ ಕುಂಕುಮ ಬೀಳುತ್ತದೆಯಾ? ಜೆಸ್ಕಾಂ ಕರೆಂಟ್ ಮೀಟರ್ ಇನ್ನೂ ಇದೆಯಾ, ಕಿತ್ತುಕೊಂಡು ಹೋಗಿದ್ದಾರಾ? ಬಾಗಿಲ ಸಂದಿಯಲ್ಲಿ ಪಾಲಿಕೆಯ ಕರದ ನೋಟಿಸ್ ಸಿಕ್ಕಿಕೊಂಡಿದೆಯಾ? ಮೀಟರ್ ಇದ್ದು ಎಣ್ಣೆ ಬಿಟ್ಟ ಕೀಲಿ ಇದ್ದರೆ ಯಾರೋ ಇನ್ನೂ ಬಿಲ್ಲು ಕಟ್ಟುತ್ತಿದ್ದಾರೆ, ಮನೆಯ ಮೇಲೆ ಅವರಿಗೆ ಮನಸ್ಸಿದೆ. ನೀವು ಹುಡುಕಬೇಕಾದ್ದು ಆ ಮನುಷ್ಯನನ್ನು. ಖಾತಾದಲ್ಲಿ ಹೆಸರಿರುವವನು ಅವನೇ ಆಗಿರಬೇಕು ಅಂತೇನಿಲ್ಲ.

ಆಮೇಲೆ ಕೀಲಿಕೈ ಇಟ್ಟುಕೊಂಡ ಆಯಿ ಹತ್ತಿರ ಹೋಗಿ. ನಂಬರ್ ಕೇಳಬೇಡಿ. ನಂಬರ್ ಕೊಟ್ಟರೆ ನಾಳೆ ಬೈಸಿಕೊಳ್ಳುವವರು ಅವರು. ನಿಮ್ಮ ನಂಬರ್ ಒಂದು ಚೀಟಿಯಲ್ಲಿ ಬರೆದು ಅವರ ಕೈಗೆ ಕೊಡಿ. "ಅವರು ಫೋನ್ ಮಾಡಿದಾಗ ಒಂದು ಮಾತು ಹೇಳ್ರಿ ಆಯಿ, ಎದುರು ಮನಿ ಟೀಚರ್ ಕೇಳ್ಯಾರ ಅಂತ." ಸಾಕು. ಅವರು ಚಹಾ ಕೊಡುತ್ತಾರೆ, ಕುಡಿಯಿರಿ. ಅರ್ಧ ಗಂಟೆ ಕೂತರೆ ಎಷ್ಟು ಜನ ಅಣ್ಣತಮ್ಮಂದಿರು, ಯಾರಿಗೆ ಯಾರ ಜೊತೆ ಮಾತಿಲ್ಲ, ಅಕ್ಕತಂಗಿಯರು ಯಾವ ಊರಿಗೆ ಹೋದರು ಅನ್ನುವುದೆಲ್ಲ ತಾನಾಗಿಯೇ ಬರುತ್ತದೆ. ಯಾವ ಕಚೇರಿಯ ರಿಜಿಸ್ಟರಿನಲ್ಲೂ ಇದು ಸಿಗುವುದಿಲ್ಲ.

ಕಾಗದ ಬೇಡ ಅಂತ ಅಲ್ಲ. ಪಾಲಿಕೆಯಲ್ಲಿ ಮನೆ ನಂಬರ್ ಕೊಟ್ಟು ಕರ ಯಾರ ಹೆಸರಿನಲ್ಲಿದೆ ಅಂತ ವಿಚಾರಿಸಿ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಇಸಿ, ಅಂದರೆ ಋಣಭಾರ ಪತ್ರಕ್ಕೆ ಅರ್ಜಿ ಹಾಕಿ. 2004ರ ಏಪ್ರಿಲ್‌ನಿಂದ ಈಚಿನದು ಅಲ್ಲೇ ಸಿಗುತ್ತದೆ, ಅದಕ್ಕೂ ಹಿಂದಿನದಕ್ಕೆ ಕಚೇರಿಗೆ ಹೋಗಬೇಕು. ಒಂದು ಮಾತು ನೆನಪಿಡಿ. ಇಸಿಯಲ್ಲಿ ಕಾಣುವುದು ನೋಂದಣಿ ಆದದ್ದು ಮಾತ್ರ. ಅಜ್ಜ ಕೊಂಡದ್ದು ಕಾಣುತ್ತದೆ, ಅಜ್ಜ ತೀರಿಕೊಂಡದ್ದು ಕಾಣುವುದಿಲ್ಲ. ಮನೆಯೊಳಗೆ ಹಿರಿಯರ ಮುಂದೆ ಕೂತು ಬಿಳಿ ಹಾಳೆಯಲ್ಲಿ ಮಾಡಿಕೊಂಡ ವಾಟ್ನಿಯೂ ಕಾಣುವುದಿಲ್ಲ. ಇಸಿ ಖಾಲಿ ಬಂದಿತು, ತಕರಾರಿಲ್ಲ ಅಂತ ಕುಣಿದವರನ್ನು ಬೇಕಾದಷ್ಟು ನೋಡಿದ್ದೇನೆ.

ಬ್ರಹ್ಮಪುರ, ಶಹಾಬಜಾರ್ ಕಡೆಯ ಮನೆಗಳಲ್ಲಿ ಇನ್ನೊಂದು ವಿಚಾರ ಇದೆ. 1948ರವರೆಗೆ ನಾವು ನಿಜಾಮನ ಆಳ್ವಿಕೆಯಲ್ಲಿದ್ದವರು, 1956ರ ನವೆಂಬರ್‌ವರೆಗೆ ಹೈದರಾಬಾದ್ ರಾಜ್ಯದವರು. ಹಳೆಯ ಖರೀದಿ ಪತ್ರ ಉರ್ದುವಿನಲ್ಲಿ ಇರಬಹುದು, ತಾರೀಖು ಫಸಲಿ ಅನ್ನುವ ಹಳೆಯ ಕಂದಾಯ ವರ್ಷದಲ್ಲಿ. ಫಸಲಿಗೆ 590 ಸೇರಿಸಿದರೆ ಹೆಚ್ಚುಕಡಿಮೆ ಇಸವಿ ಸಿಗುತ್ತದೆ. 1342 ಫಸಲಿ ಅಂದರೆ 1932ರ ಸುಮಾರು. ಓದಿಸುವುದಾದರೆ ಹಳೆಯ ದಸ್ತಾವೇಜು ಓದಿ ಅಭ್ಯಾಸ ಇರುವವರ ಹತ್ತಿರ ಓದಿಸಿ. ಉರ್ದು ಬಂದರೆ ಮಾತ್ರ ಸಾಲದು, ಆ ಬರವಣಿಗೆಯೇ ಬೇರೆ. ಒಂದು ಪತ್ರದಲ್ಲಿ ಮೂಡಣ ದಿಕ್ಕಿಗೆ "ಆಮ್ ರಾಸ್ತಾ" ಅಂತ ಇತ್ತು, ಅಂದರೆ ಸಾರ್ವಜನಿಕ ದಾರಿ. ಓದಿದ ಹುಡುಗ ಮಾವಿನ ಹಣ್ಣಿನ ಆಮ್ ಅಂದುಕೊಂಡು ಮಾವಿನ ತೋಪಿನ ದಾರಿ ಅಂದ. ಓಣಿಯಲ್ಲಿ ಮಾವಿನ ತೋಪು ಎಲ್ಲಿತ್ತು ಅಂತ ಎರಡು ದಿನ ಹುಡುಕಿದ್ದರು ಪಾಪ.

ಈಗ ಪತ್ರದ ವಿಚಾರ. ಫೋನಿಗಿಂತ ಮೊದಲು ಪತ್ರವೇ ಹೋಗಲಿ. ಫೋನ್ ಬಂದರೆ ಆ ಕಡೆಯವರು ಆ ಕ್ಷಣಕ್ಕೇ ಏನಾದರೂ ಉತ್ತರ ಹೇಳಬೇಕು, ಸಾಮಾನ್ಯವಾಗಿ ಹೇಳುವುದು "ಇಲ್ರೀ" ಅಂತ. ಪತ್ರವಾದರೆ ಮೇಜಿನ ಮೇಲೆ ನಾಲ್ಕು ದಿನ ಇರುತ್ತದೆ, ಗಂಡ ಹೆಂಡತಿ ಮಾತಾಡುತ್ತಾರೆ, ತಂಗಿಗೆ ಓದಿ ಹೇಳುತ್ತಾರೆ. ಆದರೆ ಸ್ವೀಕೃತಿ ಸಹಿ ಬೇಡುವ ಅಂಚೆಯಲ್ಲಿ ಕಳಿಸಬೇಡಿ. ಸಹಿ ಮಾಡಿ ಅಂದ ಕೂಡಲೇ ಕೋರ್ಟ್ ನೋಟಿಸ್ ಅಂದುಕೊಂಡು ವಾಪಸ್ ಕಳಿಸುವವರು ಇದ್ದಾರೆ. 5 ರೂಪಾಯಿ ಲಕೋಟೆ ಸಾಕು, ಕೈಬರಹದಲ್ಲಿ ವಿಳಾಸ. ವಿಳಾಸ ಆಯಿ ಕೊಡದಿದ್ದರೆ ಲಕೋಟೆಯನ್ನೇ ಅವರ ಕೈಯಲ್ಲಿ ಕೊಟ್ಟು ಕಳಿಸಲಿಕ್ಕೆ ಹೇಳಿ.

ನನ್ನ ಕಥೆ ಹೇಳುತ್ತೇನೆ ಅಂದಿದ್ದೆ. ನಮ್ಮ ಮನೆಯ ಪಕ್ಕದಲ್ಲೇ ಒಂದು ಮನೆ ಖಾಲಿ ಇತ್ತು. ಮಗನಿಗೆ ಅಂತ ಕೊಳ್ಳುವ ಆಸೆ. ಊರಿಗೆಲ್ಲ ಪತ್ರ ಬರೆದುಕೊಡುವವನು ನಾನು, ನನಗೆ ಯಾರು ಹೇಳಬೇಕು? ಹಿರಿಯ ಅಣ್ಣನಿಗೆ ಬರೆದೆ, ದಸ್ತಾವೇಜಿನ ಧಾಟಿಯಲ್ಲಿ: "ತಮ್ಮ ಹಾಳುಬಿದ್ದ ಮನೆಯನ್ನು ಇದ್ದ ಸ್ಥಿತಿಯಲ್ಲಿ ಇಷ್ಟು ಮೊತ್ತಕ್ಕೆ ಖರೀದಿಸಲು ಸಿದ್ಧನಿದ್ದೇನೆ." ಮೊತ್ತವನ್ನು ಅಕ್ಷರದಲ್ಲೂ ಬರೆದಿದ್ದೆ, ಅಭ್ಯಾಸ ನೋಡಿ. ಆ ಪತ್ರ ಒಂದು ಮದುವೆ ಮನೆಯಲ್ಲಿ ಎಲ್ಲರ ಕೈಗೂ ಹೋಯಿತು. ತಮ್ಮ ಅಂದನಂತೆ, "ಅಣ್ಣ ನಮ್ಮನ್ನು ಕೇಳದೇ ರೇಟ್ ಮಾತಾಡ್ಯಾನ." ಅಣ್ಣನಿಗೆ ಪಾಪ ಆ ಪತ್ರ ಬರುವ ತನಕ ವಿಷಯವೇ ಗೊತ್ತಿರಲಿಲ್ಲ. ಸೋಲಾಪುರದಲ್ಲಿದ್ದ ಸಣ್ಣ ತಂಗಿ ನನಗೇ ಫೋನ್ ಮಾಡಿದಳು. "ನಮ್ಮವ್ವ ಕಡೀತನಕ ಇದ್ದ ಮನಿರೀ ಅದು. ಹಾಳುಬಿದ್ದದ್ದು ಅಂತ ಹ್ಯಾಂಗ ಬರದ್ರಿ?" ನನ್ನ ಬಾಯಲ್ಲಿ ಮಾತು ಬರಲಿಲ್ಲ. ನಾಲ್ಕು ವರ್ಷದ ಮೇಲೆ ಬೇರೆಯವರಿಗೆ ಮಾರಿದರು, ನಾನು ಬರೆದದ್ದಕ್ಕಿಂತ ಕಡಿಮೆ ದುಡ್ಡಿಗೆ. ಆ ಖರೀದಿ ಪತ್ರ ಬರೆಯಲು ನನ್ನ ಹತ್ತಿರವೇ ಬಂದಿದ್ದರು. ಬರೆದುಕೊಟ್ಟೆ. ನಮ್ಮ ಮನೆಯವರು ಇವತ್ತಿಗೂ ಆಡಿಕೊಳ್ಳುತ್ತಾರೆ.

ಹಾಗಾಗಿ ನಿಮ್ಮ ಪತ್ರದಲ್ಲಿ ಬೆಲೆ ಬೇಡ, "ಹಾಳು" ಬೇಡ, "ಖಾಲಿ ಬಿದ್ದಿದೆ" ಅನ್ನುವುದೂ ಬೇಡ. ಹೀಗೆ ಬರೆಯಿರಿ:

"ಹಿರಿಯರಿಗೆ ನಮಸ್ಕಾರ. ಬ್ರಹ್ಮಪುರದಲ್ಲಿ ನಿಮ್ಮ ಮನೆಯ ಎದುರಿಗೆ ನಾವು 6 ವರ್ಷದಿಂದ ಬಾಡಿಗೆಗೆ ಇದ್ದೇವೆ. ನಾನು ಟೀಚರ್. ಮುಂದೆ ಯಾವಾಗಲಾದರೂ ನಿಮಗೆಲ್ಲರಿಗೂ ಈ ಮನೆ ಕೊಡುವ ವಿಚಾರ ಬಂದರೆ ನಮ್ಮನ್ನೂ ಒಂದು ಮಾತು ಕೇಳಿ. ನಾವೇ ಇರುವುದಕ್ಕೆ ಕೇಳುತ್ತಿದ್ದೇವೆ, ನಡುವೆ ದಲಾಲರು ಯಾರೂ ಇಲ್ಲ. ಕೊಡುವ ವಿಚಾರ ಇಲ್ಲದಿದ್ದರೆ ಬೇಸರವಿಲ್ಲ. ಹೋದ ಮಳೆಗಾಲದಲ್ಲಿ ನಿಮ್ಮ ಹಿತ್ತಲ ಗೋಡೆಯ ಮೇಲಿನ ಎರಡು ಪರಸಿ ಕಲ್ಲು ಜಾರಿವೆ, ಫೋಟೊ ಜೊತೆಗೆ ಇಟ್ಟಿದ್ದೇನೆ. ಎಳ್ಳ ಅಮಾವಾಸ್ಯೆಗೆ ಊರಿಗೆ ಬಂದರೆ ನಮ್ಮಲ್ಲಿ ಚಹಾಕ್ಕೆ ಬನ್ನಿ."

ಕಲ್ಲು ನಿಜವಾಗಿಯೂ ಜಾರಿದ್ದರೆ ಮಾತ್ರ ಬರೆಯಿರಿ ಮತ್ತೆ. ಏನೂ ಆಗಿಲ್ಲದಿದ್ದರೆ ಮನೆ ಚೆನ್ನಾಗಿದೆ ಅಂತ ಬರೆಯಿರಿ. ದೂರ ಇದ್ದವರಿಗೆ ಅದೇ ದೊಡ್ಡ ಸುದ್ದಿ. "ನಿಮಗೆಲ್ಲರಿಗೂ" ಅನ್ನುವ ಪದ ಬಿಡಬೇಡಿ. ಅಣ್ಣನಿಗೆ ಬರೆದರೂ ತಮ್ಮನಿಗೂ ತಂಗಿಗೂ ಸೇರಿಸಿ ಬರೆದ ಹಾಗಾಗುತ್ತದೆ.

ಉತ್ತರ ಬರದಿದ್ದರೆ ಮತ್ತೆ ಮತ್ತೆ ಬರೆಯಬೇಡಿ. ಎಳ್ಳ ಅಮಾವಾಸ್ಯೆಗೆ ಕಾಯಿರಿ. ಪುಣೆ, ಹೈದರಾಬಾದ್, ಬೆಂಗಳೂರಿಗೆ ಹೋದವರು ದೀಪಾವಳಿಗೆ ಬರದಿದ್ದರೂ ಅವತ್ತು ಹೊಲಕ್ಕೆ ಚರಗ ಚೆಲ್ಲಲು ಬರುತ್ತಾರೆ. ಭಜ್ಜಿ, ಸಜ್ಜೆ ರೊಟ್ಟಿ ತಿಂದು ಹಗುರ ಮನಸ್ಸಿನಲ್ಲಿರುತ್ತಾರೆ. ಅದು ತಪ್ಪಿದರೆ ಹೋಳಿ ಆದ ಮೇಲೆ ಶರಣಬಸವೇಶ್ವರ ಜಾತ್ರೆ. ಹೋದಾಗ ಗಂಡನ ಜೊತೆ ಹೋಗಿ, ಮನೆಯ ಹೆಣ್ಣುಮಕ್ಕಳ ಹತ್ತಿರ ಮೊದಲು ಮಾತಾಡಿ. ಕೊನೆಗೆ ಸಹಿಗೆ ಅವರೂ ಬರಬೇಕು.

ಪ್ರಶ್ನೆ: ಸರ್, ಆಳಂದ ರಸ್ತೆಯ ಕಡೆ ಒಂದು ಮುಚ್ಚಿದ ಮನೆ ನೋಡಿದ್ದೇನೆ. ತಂದೆ ಸ್ವಂತ ದುಡಿಮೆಯಿಂದ ಕಟ್ಟಿಸಿದ್ದು, ತಂದೆ ತಾಯಿ ಇಬ್ಬರೂ ಇಲ್ಲ. ಮೂವರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ನಡುವಿನವನು "ನನ್ನ ಪಾಲು ನಿಮಗೆ ಕೊಡುತ್ತೇನೆ, ಉಳಿದವರನ್ನು ಆಮೇಲೆ ನೋಡಿಕೊಳ್ಳೋಣ, 3 ಲಕ್ಷ ನಗದು ಕೊಟ್ಟರೆ ಬಾಂಡ್ ಮೇಲೆ ಬರೆದುಕೊಡುತ್ತೇನೆ" ಅನ್ನುತ್ತಿದ್ದಾನೆ. ಮಾಡಬಹುದೇ?
(ಕಿರಾಣಿ ವ್ಯಾಪಾರಿ, ಕಲಬುರಗಿ)

ಉತ್ತರ: ಬೇಡ ಅಣ್ಣಾ. ತಂದೆ ಮೃತ್ಯುಪತ್ರ ಬರೆಯದೆ ಹೋಗಿದ್ದರೆ ಐವರಿಗೂ ಸಮಪಾಲು. ಅವನ ಕೈಯಲ್ಲಿರುವುದು ಐದನೇ ಒಂದು. ಅದನ್ನು ಮಾರಲು ಅವನಿಗೆ ಹಕ್ಕಿದೆ, ಆದರೆ ಆ ಪಾಲು ಕೊಂಡ ಹೊರಗಿನವರು ಒಡಹುಟ್ಟಿದವರ ವಾಸದ ಮನೆಯೊಳಗೆ ಜೊತೆಗೆ ಬಂದು ಇರುತ್ತೇನೆ ಅನ್ನುವ ಹಾಗಿಲ್ಲ, ಆಸ್ತಿ ವರ್ಗಾವಣೆ ಕಾಯ್ದೆ ಹಾಗೆ ಹೇಳುತ್ತದೆ. ಪಾಲು ಬೇಕು ಅಂತ ನೀವು ಕೋರ್ಟಿಗೆ ಹೋದರೆ, ಉಳಿದವರು 1893ರ ಪಾಲು ಕಾಯ್ದೆ ಹಿಡಿದು "ಆ ಪಾಲನ್ನು ಕೋರ್ಟ್ ಹೇಳಿದ ಬೆಲೆಗೆ ನಾವೇ ಕೊಳ್ಳುತ್ತೇವೆ" ಅನ್ನಬಹುದು. ಇದಲ್ಲದೆ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ವಾರಸುದಾರರಲ್ಲಿ ಒಬ್ಬ ಮಾರುವಾಗ ಕೊಳ್ಳುವ ಮೊದಲ ಹಕ್ಕು ಉಳಿದ ವಾರಸುದಾರರಿಗೇ ಇದೆ. ಅಂದರೆ ನೀವು ದುಡ್ಡು ಕೊಟ್ಟು ಕೊಳ್ಳುವುದು ಕೋರ್ಟಿನ ತಾರೀಖು.

"ಅಕ್ಕತಂಗಿಯರಿಗೆ ಮದುವೆಯಲ್ಲಿ ಕೊಟ್ಟಿದ್ದೇವೆ, ಅವರದ್ದೇನಿಲ್ಲ" ಅಂತ ಅವನು ಹೇಳಿದರೆ ನಂಬಬೇಡಿ. ಇದು ತಂದೆಯ ಸ್ವಂತ ಗಳಿಕೆ, ಮಗಳ ಪಾಲು ಮೊದಲಿನಿಂದಲೂ ಇದೆ. ಪಿತ್ರಾರ್ಜಿತ ಆಗಿದ್ದರೂ 2005ರ ಸೆಪ್ಟೆಂಬರ್ 9ರ ತಿದ್ದುಪಡಿ ಮಗಳನ್ನು ಮಗನ ಸಮಕ್ಕೆ ತಂದಿದೆ. ಆ ದಿನ ತಂದೆ ಬದುಕಿರಬೇಕು ಅಂತಿಲ್ಲ ಅಂತ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಹೇಳಿ ಮುಗಿಸಿದೆ. 2004ರ ಡಿಸೆಂಬರ್ 20ಕ್ಕೆ ಮುಂಚೆಯೇ ನೋಂದಾಯಿತ ವಾಟ್ನಿ ಆಗಿದ್ದರೆ ಅದು ಬೇರೆ ಮಾತು. ಮುಸ್ಲಿಂ ಮನೆತನವಾದರೆ ಲೆಕ್ಕ ಬೇರೆ, ಮಗನ ಪಾಲಿನ ಅರ್ಧ ಮಗಳಿಗೆ. ಅಲ್ಲೂ ಸಹಿ ಎಲ್ಲರದ್ದೂ ಬೇಕು, ಜೊತೆಗೆ ಜಾಗ ವಕ್ಫ್ ಪಟ್ಟಿಯಲ್ಲಿದೆಯಾ ಅಂತ ನೋಡಿಕೊಳ್ಳಬೇಕು.

ಇನ್ನು ಆ 3 ಲಕ್ಷ ನಗದು. ಮನೆ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ಮುಂಗಡವನ್ನು ನಗದಿನಲ್ಲಿ ತೆಗೆದುಕೊಳ್ಳುವಂತಿಲ್ಲ. ತೆಗೆದುಕೊಂಡವನಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಬಾಂಡ್ ಮೇಲೆ ಬರೆದುಕೊಟ್ಟ ಕರಾರಿನಿಂದ ಮನೆ ನಿಮ್ಮದಾಗುವುದಿಲ್ಲ, ಖರೀದಿ ಪತ್ರ ನೋಂದಣಿ ಆಗಬೇಕು. ನಡುವಿನವನಿಗೆ ಒಂದೇ ಮಾತು ಹೇಳಿ: "ಉಳಿದ ನಾಲ್ವರ ಹತ್ತಿರ ನನ್ನನ್ನು ಕರೆದುಕೊಂಡು ಹೋಗು." ಕರೆದುಕೊಂಡು ಹೋಗಲು ತಯಾರಿದ್ದರೆ ವ್ಯವಹಾರ ಇದೆ. ಹಿಂದೆ ಸರಿದರೆ ಅವನಿಗೆ ತುರ್ತು ಸಾಲ ಇದೆ, ಅಷ್ಟೇ.

ಪ್ರಶ್ನೆ: ನಮ್ಮ ಪಕ್ಕದ ಮನೆ 13 ವರ್ಷದಿಂದ ಖಾಲಿ. ಅದರ ಅಂಗಳದಲ್ಲಿ ನಮ್ಮ ಎಮ್ಮೆ ಕಟ್ಟುತ್ತೇವೆ, ಕಟ್ಟಿಗೆ ಒಟ್ಟುತ್ತೇವೆ. 12 ವರ್ಷ ದಾಟಿದರೆ ನಮ್ಮದೇ ಆಗುತ್ತದಂತೆ, ಹೌದೇ?
(ಓದುಗರು, ಬೀದರ್ ಜಿಲ್ಲೆ)

ಉತ್ತರ: ಎಮ್ಮೆ ಕಟ್ಟಿದ್ದಕ್ಕೆ ಮನೆ ಬರುವುದಾದರೆ ನಮ್ಮ ಜಿಲ್ಲೆಯಲ್ಲಿ ಯಾರಿಗೂ ಮನೆ ಉಳಿಯುತ್ತಿರಲಿಲ್ಲ. 12 ವರ್ಷದ ಮಾತು ಕಾಯ್ದೆಯಲ್ಲಿದೆ, ನಿಜ. ಆದರೆ ಮಾಲೀಕನಿಗೆ ವಿರುದ್ಧವಾಗಿ, ಎಲ್ಲರಿಗೂ ಕಾಣುವಂತೆ, ಒಡೆತನ ನನ್ನದೇ ಅಂತ ಹಿಡಿದಿರಬೇಕು, ಅದನ್ನು ಸಾಬೀತು ಮಾಡುವ ಭಾರ ನಿಮ್ಮದು. ಮಾಲೀಕರು ಊರಿಗೆ ಬಂದಾಗ ನೀವು ಎಮ್ಮೆ ಬಿಚ್ಚಿ ಆಚೆ ಕಟ್ಟುತ್ತೀರಿ ಅಲ್ವಾ? ಅಲ್ಲಿಗೆ ಮುಗಿಯಿತು. ಜಾಗ ಬೇಕಿದ್ದರೆ ಕೇಳಿ ಕೊಂಡುಕೊಳ್ಳಿ.

ಪ್ರಶ್ನೆ: ಯಾದಗಿರಿಯಲ್ಲಿ ನಾವು ನೋಡಿದ ಮನೆಯ ಮಾಲೀಕರು ಅಮೆರಿಕದಲ್ಲಿದ್ದಾರೆ. ಬೆಲೆ 38 ಲಕ್ಷಕ್ಕೆ ಒಪ್ಪಿಗೆಯಾಗಿದೆ. ಅವರ ಅಣ್ಣನ ಮಗ ಜಿಪಿಎ, ಅಂದರೆ ಅವರ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ ಇದೆ, ನಾನೇ ಬರೆದುಕೊಡುತ್ತೇನೆ ಅನ್ನುತ್ತಾನೆ. ಸಾಕೇ?
(ಓದುಗರು, ಯಾದಗಿರಿ)

ಉತ್ತರ: ಮೊದಲು ಮಾಲೀಕರ ಜೊತೆ ವಿಡಿಯೊ ಕಾಲ್‌ನಲ್ಲಿ ಮಾತಾಡಿ, ಜಿಪಿಎ ಕಾಗದ ಕ್ಯಾಮೆರಾ ಮುಂದೆ ಹಿಡಿದು ಇದು ನಿಮ್ಮ ಸಹಿಯೇ ಅಂತ ಕೇಳಿ. ನಾಚಿಕೆ ಬೇಡ. ಆಮೇಲೆ ಕಾಗದ ನೋಡಿ. ಆ ದೇಶದಲ್ಲಿ ನೋಟರಿ ಅಥವಾ ಭಾರತೀಯ ದೂತಾವಾಸದ ಮುಂದೆ ಸಹಿ ಆಗಿರಬೇಕು, ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಕಟ್ಟಿರಬೇಕು, ಮಾರುವ ಅಧಿಕಾರ ಅಂತ ಸ್ಪಷ್ಟವಾಗಿ ಬರೆದಿರಬೇಕು. "ನೋಡಿಕೊಳ್ಳುವ" ಅಧಿಕಾರದಲ್ಲಿ ಮಾರಲು ಬರುವುದಿಲ್ಲ. ಜಿಪಿಎ ಕೊಟ್ಟವರು ಬದುಕಿದ್ದರೆ ಮಾತ್ರ ಅದಕ್ಕೆ ಜೀವ ಅನ್ನುವುದನ್ನೂ ಮರೆಯಬೇಡಿ. ಜಿಪಿಎಯನ್ನೇ ಖರೀದಿ ಅಂತ ಇಟ್ಟುಕೊಂಡು ಕೂರುವವರಿಗೆ ಸುಪ್ರೀಂ ಕೋರ್ಟ್ 2011ರಲ್ಲೇ ಆಗುವುದಿಲ್ಲ ಅಂದಿದೆ.

ತೆರಿಗೆಯಲ್ಲಿ ಜನ ಎಡವುವುದು ಇಲ್ಲೇ. ಇಲ್ಲಿಯವರಿಂದ ಕೊಂಡರೆ 50 ಲಕ್ಷ ಮುಟ್ಟಿದ ಮೇಲೆ ನೂರಕ್ಕೆ 1 ಹಿಡಿದುಕೊಳ್ಳಬೇಕು. ಅನಿವಾಸಿಯಿಂದ ಕೊಂಡರೆ ಆ 50 ಲಕ್ಷದ ಗೆರೆಯೇ ಇಲ್ಲ, ದರವೂ ಬಹಳ ಜಾಸ್ತಿ. ಹಿಡಿಯುವ ಜವಾಬ್ದಾರಿ ಕೊಳ್ಳುವ ನಿಮ್ಮದು. ದುಡ್ಡು ಕೊಡುವ ಮೊದಲು ಒಬ್ಬ ಸಿಎ ಹತ್ತಿರ ಕೂತು ಲೆಕ್ಕ ಹಾಕಿಸಿ. ನೋಂದಣಿ ಶುಲ್ಕವೂ 2025ರ ಆಗಸ್ಟ್ 31ರಿಂದ ನೂರಕ್ಕೆ 1 ಇದ್ದದ್ದು 2 ಆಗಿದೆ, ಅದನ್ನೂ ಸೇರಿಸಿಕೊಳ್ಳಿ.

ಪ್ರಶ್ನೆ: ನಾವು ಆ ಕಡೆಯವರು, ಕೀಲಿ ಹಾಕಿ ಬಂದವರು. ಕಲಬುರಗಿಯ ಕೋಟೆ ಹತ್ತಿರ ನಮ್ಮ ಅಪ್ಪನ ಮನೆ ಇದೆ. ವಾರಕ್ಕೊಬ್ಬ ದಲಾಲ ಫೋನ್ ಮಾಡುತ್ತಾನೆ. ಹೋದ ತಿಂಗಳು ನಮಗೆ ಹೇಳದೆಯೇ ಯಾರೋ "ಮಾರಾಟಕ್ಕಿದೆ" ಅಂತ ಚೀಟಿ ಅಂಟಿಸಿದ್ದರಂತೆ. ನಮಗೆ ಮಾರುವ ಮನಸ್ಸಿಲ್ಲ, ಈಗಂತೂ ಇಲ್ಲ. ಏನು ಮಾಡಬೇಕು?
(ನಿವೃತ್ತ ಬ್ಯಾಂಕ್ ಉದ್ಯೋಗಿ, ಪುಣೆ)

ಉತ್ತರ: ಸರ್, ಮಾರುವುದಿಲ್ಲ ಅನ್ನುವುದಕ್ಕೆ ನೀವು ಯಾರಿಗೂ ಕಾರಣ ಹೇಳಬೇಕಿಲ್ಲ. ಗೋಡೆಯ ಮೇಲೆ ಕೈ ಅಗಲದ ಅಕ್ಷರದಲ್ಲಿ ಬಣ್ಣದಲ್ಲೇ ಬರೆಸಿ: "ಈ ಮನೆ ಮಾರಾಟಕ್ಕಿಲ್ಲ." ಕಾಗದದ ಬೋರ್ಡ್ ಕಿತ್ತು ಹಾಕುತ್ತಾರೆ. ನಿಮ್ಮ ನಂಬರ್ ಬರೆಸಬೇಡಿ, ಅದೇ ಇನ್ನೊಬ್ಬ ದಲಾಲನಿಗೆ ಆಹ್ವಾನ.

ಚೀಟಿ ಅಂಟಿಸಿದ್ದು ಸಣ್ಣ ಮಾತು ಅಂತ ಬಿಡಬೇಡಿ. ಖಾಲಿ ಮನೆಯನ್ನು ನಕಲಿ ಮಾಲೀಕನನ್ನು ನಿಲ್ಲಿಸಿ ತೋರಿಸುವ ಜನ ಇದ್ದಾರೆ. ವರ್ಷಕ್ಕೊಮ್ಮೆ, ಅಪ್ಪನ ತಿಥಿಯ ದಿನ ಅಂತಲೇ ಇಟ್ಟುಕೊಳ್ಳಿ, ಇಸಿ ತೆಗೆಸಿ ನೋಡಿ. ಕರ ಬಾಕಿ ಇಡಬೇಡಿ, ರಸೀದಿ ಫೋಟೊ ತೆಗೆದಿಡಿ. ಇ-ಖಾತಾ ಮಾಡಿಸಿದ್ದೀರಾ? 2024ರ ಅಕ್ಟೋಬರ್‌ನಿಂದ ಅದಿಲ್ಲದೆ ನೋಂದಣಿ ಆಗುವುದಿಲ್ಲ. ಖಾತಾ ಇನ್ನೂ ಅಪ್ಪನ ಹೆಸರಿನಲ್ಲಿದ್ದರೆ ಮರಣ ಪ್ರಮಾಣಪತ್ರ, ವಂಶವೃಕ್ಷ ಕೊಟ್ಟು ಒಡಹುಟ್ಟಿದವರೆಲ್ಲರ ಹೆಸರಿಗೆ ಮಾಡಿಸಿ. ಮಾರುವುದಕ್ಕೆ ಅಂತ ಅಲ್ಲ. ನಿಮ್ಮ ಆಧಾರ್ ಸೇರಿದ ಖಾತಾ ಇದ್ದರೆ ಬೇರೆಯವನು ಆ ಮನೆಯ ಮೇಲೆ ಕೈಯಾಡಿಸುವುದು ಕಷ್ಟ.

ಯಾರಾದರೂ ಕೈಬರಹದಲ್ಲಿ ಪತ್ರ ಬರೆದಿದ್ದರೆ, ಅವರಿಗೆ ಮಾತ್ರ ಎರಡು ಸಾಲು ಉತ್ತರ ಹಾಕಿ. "ಈಗ ಕೊಡುವ ವಿಚಾರ ಇಲ್ಲ, ಕೊಡುವಾಗ ತಿಳಿಸುತ್ತೇವೆ." ಬರೆದವರು ಒಬ್ಬ ಟೀಚರ್ ಇರಬಹುದು.

ಇನ್ನೊಂದು, ನೀವು ಕೇಳದಿದ್ದರೂ ಹೇಳುತ್ತೇನೆ. ಮೊನ್ನೆ ಕೋಟೆಯ ಕಡೆ ಹೋದಾಗ ಇಂಥದೇ ಒಂದು ಕೀಲಿ ಹಾಕಿದ ಮನೆಯ ಮಾಳಿಗೆಯ ಅಂಚಿನಲ್ಲಿ ಮೊಣಕಾಲೆತ್ತರದ ಅರಳಿ ಸಸಿ ನೋಡಿದೆ. ಬೇರು ಪರಸಿಯ ಸಂದಿಗೆ ಇಳಿದಿತ್ತು. ಅದು ನಿಮ್ಮ ಮನೆಯೇ ಅಂತ ಹೇಳುವುದಿಲ್ಲ. ಆದರೆ ಕೀಲಿಕೈ ಯಾರ ಹತ್ತಿರ ಇದೆಯೋ ಅವರಿಗೆ ಫೋನ್ ಮಾಡಿ, ಮಳೆ ಹಿಡಿಯುವುದರೊಳಗೆ ಒಬ್ಬ ಆಳನ್ನು ಮೇಲೆ ಹತ್ತಿಸಿ ನೋಡಿಸಿ.